ಕಾಣದ ಚೀನಾವನ್ನ ಕೈಯಾರೆ ಕಟ್ಟಿಕೊಂಡವರು

1670ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿ ವರ್ಸೇಲ್ಸ್ ತೋಟದ ಒಂದು ಮೂಲೆಯಲ್ಲಿ, ತನ್ನ ಪ್ರೇಯಸಿ ಮದಾಮ್ ದ ಮೊಂತೆಸ್ಪಾನ್ ಜೊತೆ ಹೊತ್ತು ಕಳೆಯೋಕೆ ಅಂತ ಒಂದು ಮನೆ ಕಟ್ಟಿಸಿದ. ಪಿಂಗಾಣಿ ಟ್ರಿಯಾನನ್ ಅಂತ ಅದಕ್ಕೆ ಹೆಸರು. ಚೀನಾದ ನಾನ್‌ಜಿಂಗ್‌ನಲ್ಲಿ ಪಿಂಗಾಣಿ ಇಟ್ಟಿಗೆ ಹೊದಿಸಿದ ದೊಡ್ಡ ಗೋಪುರ ಒಂದಿದೆ ಅಂತ ಡಚ್ಚರ ರಾಯಭಾರದ ಜೊತೆ ಹೋಗಿಬಂದ ಯೋಹಾನ್ ನ್ಯೂಹಾಫ್ 1665ರಲ್ಲಿ ಚಿತ್ರ ಸಮೇತ ಪುಸ್ತಕ ಮಾಡಿದ್ದ, ಯೂರೋಪಿನವರೆಲ್ಲಾ ಆ ಚಿತ್ರ ನೋಡಿ ಬೆರಗಾಗಿದ್ರು, ರಾಜನಿಗೂ ಅಂಥದ್ದು ಬೇಕಾಯ್ತು. ಆದ್ರೆ ಆಗ ಫ್ರಾನ್ಸಿನಲ್ಲಿ ನಿಜವಾದ ಪಿಂಗಾಣಿ ಮಾಡೋದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಸಾಮಾನ್ಯ ಜೇಡಿಮಣ್ಣಿಗೆ ಬಿಳಿ ಗ್ಲೇಜ್ ಹಾಕಿ, ನೀಲಿ ಬಣ್ಣದಲ್ಲಿ ಚಿತ್ರ ಬಿಡಿಸಿ ಸುಟ್ಟ ಟೈಲ್ಸ್‌ಗಳನ್ನ ಡೆಲ್ಫ್ಟ್, ನೆವೇರ್, ರೂಆಂ ಕಡೆಯಿಂದ ತರಿಸಿ ಸೂರಿಗೆಲ್ಲಾ ಕೂರಿಸಿದ್ರು. ಚಳಿಗಾಲ ಬಂದಾಗೆಲ್ಲಾ ಹಿಮಕ್ಕೆ ಟೈಲ್ಸ್ ಬಿರುಕು ಬಿಡೋದು, ರಿಪೇರಿ ಮುಗಿಯೋದೇ ಇಲ್ಲ. 1687ರಲ್ಲಿ ಪೂರ್ತಿ ಕೆಡವಿಬಿಟ್ರು. ಹದಿನೇಳು ವರ್ಷ ಅಷ್ಟೇ ಬಾಳಿದ ಕಟ್ಟಡ ಅದು.

ಫ್ರೆಂಚರ ಚೀನಾ ಮೋಹದ ಕಥೆ ಇಲ್ಲಿಂದ ಶುರು ಮಾಡಬೇಕು ಅಂತ ನನಗನ್ನಿಸೋದು ಯಾಕಂದ್ರೆ ಮುಂದಿನ ನೂರು ವರ್ಷ ನಡೆದದ್ದೆಲ್ಲಾ ಇದರಲ್ಲೇ ಬೀಜದ ಥರ ಇದೆ. ದೂರದ ಒಂದು ವಸ್ತು ಬೇಕು, ಅದನ್ನ ಮಾಡೋ ವಿದ್ಯೆ ಕೈಯಲ್ಲಿಲ್ಲ, ಇರೋ ಮಣ್ಣು ಇರೋ ಮರ ಇರೋ ಬಣ್ಣದಲ್ಲೇ ಹೇಗೋ ಸಾಧಿಸಬೇಕು. ಶಿನ್ವಾಸರಿ ಅಂತ ಕರೆಯೋ ಈ ಶೈಲಿನ ತುಂಬಾ ಜನ 'ನಕಲಿ ಚೀನಾ' ಅಂತ ತಳ್ಳಿಹಾಕ್ತಾರೆ, ಶ್ರೀಮಂತರ ಷೋಕಿ ಅಂತಾರೆ. ಷೋಕಿ ಹೌದು, ನಾನು ಅಲ್ಲಗಳೆಯಲ್ಲ. ಆದ್ರೆ ಆ ಷೋಕಿಗೆ ಉತ್ತರ ಹುಡುಕಿದ್ದು ಬಡಗಿಗಳು, ಕುಂಬಾರರು, ನೇಕಾರರು, ಬಣ್ಣ ಅರೆಯೋರು, ತೋಟದವರು. ಒಬ್ಬರೂ ಚೀನಾ ನೋಡಿದವರಲ್ಲ. ಕಾಣದ ಊರಿನ ವಿದ್ಯೆಯನ್ನ ಬರೀ ವಸ್ತು ನೋಡಿ, ಮುಟ್ಟಿ, ಕೆಲವು ಸಲ ಕುಯ್ದು ನೋಡಿ ಅರ್ಥ ಮಾಡ್ಕೊಳ್ಳೋಕೆ ಹೆಣಗಾಡಿದ ಕೈಗಳ ಚರಿತ್ರೆ ಅಂತ ಓದಿದ್ರೆ ಇದು ಬೇರೆಯೇ ಆಗಿ ಕಾಣುತ್ತೆ.

ಸಾಮಾನು ಬರ್ತಿದ್ದ ದಾರಿ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. 1686ರಲ್ಲಿ ಸಯಾಮಿನ (ಈಗಿನ ಥೈಲ್ಯಾಂಡ್) ರಾಜನ ರಾಯಭಾರಿಗಳು ವರ್ಸೇಲ್ಸ್‌ಗೆ ಬಂದು ಲ್ಯಾಕರ್ (ಒಂದು ಜಾತಿ ಮರದ ಹಾಲನ್ನ ಪದರ ಪದರ ಹಚ್ಚಿ ತರೋ ಗಟ್ಟಿ ಹೊಳಪು) ಹಚ್ಚಿದ ಪೆಟ್ಟಿಗೆ, ಪಿಂಗಾಣಿ ಎಲ್ಲಾ ಉಡುಗೊರೆ ಕೊಟ್ರು. ಅದರ ಹಿಂದಿನ ವರ್ಷ ಲೂಯಿ ಗಣಿತ ಬಲ್ಲ ಜೆಸ್ಯೂಟ್ ಪಾದ್ರಿಗಳನ್ನ ಚೀನಾಕ್ಕೆ ಕಳಿಸಿದ್ದ, ಅವರು 1688ರಲ್ಲಿ ಬೀಜಿಂಗ್ ಸೇರಿದ್ರು. 1698ರಲ್ಲಿ ಹೊರಟ ಅಂಫಿತ್ರಿತ್ ಅನ್ನೋ ಹಡಗು ಚೀನಾದ ಬಂದರು ಕ್ಯಾಂಟನ್‌ಗೆ ಹೋಗಿ 1700ರಲ್ಲಿ ಹೊಟ್ಟೆ ತುಂಬಾ ಪಿಂಗಾಣಿ, ಲ್ಯಾಕರ್, ರೇಷ್ಮೆ ತುಂಬ್ಕೊಂಡು ವಾಪಸ್ ಬಂತು. ಆಮೇಲಿಂದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಬರ್ತಾನೇ ಇದ್ವು. ಚೀನಾದ ದೊಡ್ಡ ದೊಡ್ಡ ಕೆತ್ತನೆಯ ಲ್ಯಾಕರ್ ಪರದೆಗಳಿಗೆ ಇವತ್ತಿಗೂ ಕೋರಮಂಡಲ್ ಪರದೆ ಅಂತ ಹೆಸರಿರೋದು ಅವು ನಮ್ಮ ಪೂರ್ವ ಕರಾವಳಿಯ ಬಂದರುಗಳ ಮೂಲಕ ಯೂರೋಪಿಗೆ ಸಾಗಿದ್ದರಿಂದ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ, ಲ್ಯಾಕರ್. ನಮ್ಮಜ್ಜ ಮರಗೆಲಸದವರು, ಹಾಗಾಗಿ ಯಾವ ಮ್ಯೂಸಿಯಂಗೆ ಹೋದ್ರೂ ಬೀರು ಕಂಡ ತಕ್ಷಣ ನನ್ನ ಕಣ್ಣು ಹೋಗೋದು ಮೂಲೆಗೆ, ಜಾಯಿಂಟಿಗೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ 18ನೇ ಶತಮಾನದ ಪೀಠೋಪಕರಣದ ಕೋಣೆಗಳಿವೆ, ಮೋನಾಲಿಸಾ ಕಡೆ ನುಗ್ಗೋ ಜನ ಇಲ್ಲಿಗೆ ಬರೋದು ಕಡಿಮೆ, ನಿಧಾನವಾಗಿ ನಿಂತು ನೋಡಬಹುದು. ಅಲ್ಲಿ ಒಂದು ಡ್ರಾಯರ್ ಬೀರು ಇದೆ. 1737ರಲ್ಲಿ ರಾಣಿ ಮರಿ ಲೆಶ್ಚಿನ್‌ಸ್ಕಾಗೆ ಅಂತ ಫಾಂಟೆನ್‌ಬ್ಲೋ ಅರಮನೆಗೆ ಎಬೇರ್ ಅನ್ನೋ ವ್ಯಾಪಾರಿ ತಂದುಕೊಟ್ಟಿದ್ದು, ಮಾಡಿದವನು ಬರ್ನಾರ್ಡ್ ವಾನ್ ರೀಸೆನ್‌ಬರ್ಗ್. ಮುಂಭಾಗ ಪೂರ್ತಿ ಜಪಾನಿನ ಕಪ್ಪು ಲ್ಯಾಕರ್, ಅದರ ಮೇಲೆ ಚಿನ್ನದ ಪುಡಿಯ ಚಿತ್ರ. ಸುತ್ತ ಚಿನ್ನದ ಲೇಪ ಕೊಟ್ಟ ಕಂಚಿನ ಬಳ್ಳಿ. ಚೀನಾ, ಜಪಾನ್ ಅಂತ ಆಗಿನವರು ಜಾಸ್ತಿ ಭೇದ ಮಾಡ್ತಿರಲಿಲ್ಲ, ಪೂರ್ವದಿಂದ ಬಂದದ್ದೆಲ್ಲಾ ಒಂದೇ ಗಂಟಿನಲ್ಲಿ.

ನೋಡೋಕೆ ಸುಲಭವಾಗಿ ಕಾಣುತ್ತೆ, ಆದ್ರೆ ಒಂದು ಕ್ಷಣ ಯೋಚನೆ ಮಾಡಿ. ಜಪಾನಿನ ಲ್ಯಾಕರ್ ಪೆಟ್ಟಿಗೆಗಳು, ಪರದೆಗಳು ಎಲ್ಲಾ ಚಪ್ಪಟೆ, ನೇರ ಮೂಲೆ. ಪ್ಯಾರಿಸ್ಸಿನವರಿಗೆ ಬೇಕಾಗಿದ್ದ ಬೀರು ಮುಂದಕ್ಕೆ ಉಬ್ಬಿ, ಪಕ್ಕಕ್ಕೆ ಬಾಗಿ, ಒಂದೇ ಒಂದು ನೇರ ಗೆರೆ ಇಲ್ಲದ ಬೀರು. ಹಾಗಿದ್ರೆ ಗಟ್ಟಿ ಲ್ಯಾಕರ್ ಹಲಗೆಯನ್ನ ಬಗ್ಗಿಸೋದು ಹೇಗೆ? ಅವರು ಮಾಡಿದ್ದು ಇಷ್ಟು. ಸಾವಿರಾರು ಮೈಲಿ ದೂರದಿಂದ ಬಂದ ಪೆಟ್ಟಿಗೆಯನ್ನ ಬಿಚ್ಚಿ, ಹಲಗೆಯನ್ನ ದಪ್ಪದ ಮಧ್ಯೆ ಗರಗಸ ಹಾಕಿ ಸೀಳಿ, ಲ್ಯಾಕರ್ ಇರೋ ಮುಖವನ್ನ ಉಳಿಸ್ಕೊಂಡು ಹಿಂದಿನ ಮರವನ್ನ ಕೀಸ್ತಾ ಕೀಸ್ತಾ ವೆನೀರ್‌ನಷ್ಟು ತೆಳ್ಳಗೆ ಮಾಡಿ, ಆಮೇಲೆ ಅದನ್ನ ಉಬ್ಬಿದ ಬೀರಿನ ಮೈಗೆ ಅಂಟು ಹಾಕಿ ಕೂರಿಸೋದು. ಒಂದೇ ಒಂದು ಏಟು ಜಾಸ್ತಿ ಬಿದ್ರೆ ಲ್ಯಾಕರ್ ಚಕ್ಕೆ ಏಳುತ್ತೆ, ಅಲ್ಲಿಗೆ ಮುಗೀತು, ಇನ್ನೊಂದು ತುಂಡು ಬೇಕಂದ್ರೆ ಮುಂದಿನ ಹಡಗು ಬರೋವರೆಗೂ ಕಾಯಬೇಕು. ತುಂಡು ತುಂಡು ಸೇರೋ ಕಡೆ ಸಂದು ಕಾಣುತ್ತಲ್ಲ, ಅದರ ಮೇಲೆ ಕಂಚಿನ ಎಲೆ, ಹೂವು, ಸುರುಳಿ ಬರೋ ಹಾಗೆ ಡಿಸೈನ್ ಮಾಡಿದ್ರು. ಅಲಂಕಾರಕ್ಕೆ ಅಂತ ನಾವಂದುಕೊಳ್ಳೋ ಬಳ್ಳಿ ನಿಜಕ್ಕೂ ಜಾಯಿಂಟ್ ಮುಚ್ಚೋಕೆ, ಅಂಚು ಕೀಳದ ಹಾಗೆ ಹಿಡಿಯೋಕೆ ಇರೋದು. ಇದು ಗೊತ್ತಾದ ಮೇಲೆ ಆ ಬೀರನ್ನ ಮೊದಲಿನ ಥರ ನೋಡೋಕೆ ನನಗೆ ಸಾಧ್ಯವೇ ಆಗಿಲ್ಲ.

ಆ ಕಂಚಿಗೆ ಚಿನ್ನ ಹಚ್ಚೋ ಕೆಲಸ ಬೇರೆ. ಚಿನ್ನವನ್ನ ಪಾದರಸದಲ್ಲಿ ಕಲಸಿ, ಕಂಚಿನ ಮೇಲೆ ಬಳಿದು, ಬೆಂಕಿಗೆ ಹಿಡಿದ್ರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತೆ. ಆ ಹೊಗೆ ವಿಷ. ಆ ಕೆಲಸ ಮಾಡಿದವರ ನರ, ಹಲ್ಲು, ಆಯಸ್ಸು ಎಲ್ಲಾ ಅದರಲ್ಲೇ ಕರಗಿದ್ದು. ರಾಣಿಯ ಕೋಣೆಯ ಹೊಳಪಿನ ಹಿಂದೆ ಇದೂ ಇದೆ ಅನ್ನೋದನ್ನ ಮರೆತು ಬರೀ ಚಂದ ಚಂದ ಅಂತ ಹೇಳೋಕೆ ನನ್ನಿಂದಾಗಲ್ಲ. ಇನ್ನೂ ಒಂದು ಸಂಗತಿ ಹೇಳಬೇಕು, ವಾನ್ ರೀಸೆನ್‌ಬರ್ಗ್ ತನ್ನ ಕೆಲಸದ ಮೇಲೆ ಬಿವಿಆರ್‌ಬಿ ಅಂತ ನಾಲ್ಕು ಅಕ್ಷರದ ಮುದ್ರೆ ಒತ್ತುತ್ತಿದ್ದ ಅಷ್ಟೇ. ಆ ನಾಲ್ಕು ಅಕ್ಷರ ಯಾರದ್ದು ಅಂತ ಗೊತ್ತಾಗಿದ್ದೇ 20ನೇ ಶತಮಾನದ ಮಧ್ಯಭಾಗದಲ್ಲಿ. ಮಾರಿದ ವ್ಯಾಪಾರಿಯ ಹೆಸರು ಅರಮನೆಯ ಲೆಕ್ಕಪುಸ್ತಕದಲ್ಲಿತ್ತು, ಮಾಡಿದ ಬಡಗಿಯ ಹೆಸರು ಇಷ್ಟು ಕಾಲ ಕಳೆದುಹೋಗಿತ್ತು.

ಜಪಾನಿನ ಅಷ್ಟು ಒಳ್ಳೆ ಪೆಟ್ಟಿಗೆಗಳನ್ನ ಕುಯ್ದುಹಾಕಿದ್ರಲ್ಲಾ ಅಂತ ಸಂಕಟವೂ ಆಗುತ್ತೆ ನನಗೆ. ಲ್ಯಾಕರ್ ಅಂದ್ರೆ ನಮ್ಮ ಚನ್ನಪಟ್ಟಣದ ಗೊಂಬೆಗೆ ಹಚ್ಚೋ ಅರಗು ಅಲ್ಲ, ಅದು ಹುಳುವಿನಿಂದ ಬರೋದು, ಲೇತ್ ಮೇಲೆ ತಿರುಗೋ ಮರಕ್ಕೆ ಒತ್ತಿ ಹಿಡಿದ್ರೆ ಉಜ್ಜಾಟದ ಬಿಸಿಗೆ ಕರಗಿ ಹಿಡ್ಕೊಳ್ಳುತ್ತೆ. ಚೀನಾ ಜಪಾನಿನದ್ದು ಒಂದು ಜಾತಿ ಮರದ ಹಾಲು. ಹಸಿ ಇದ್ದಾಗ ಚರ್ಮಕ್ಕೆ ತಾಗಿದ್ರೆ ಬೊಬ್ಬೆ ಏಳುತ್ತೆ, ಒಣಗೋಕೆ ಬಿಸಿಲಲ್ಲ, ತೇವದ ಗಾಳಿ ಬೇಕು, ಒಂದೊಂದೇ ತೆಳು ಪದರ ಹಚ್ಚಿ ಒಣಗಿಸಿ ಉಜ್ಜಿ ಮತ್ತೆ ಹಚ್ಚಿ, ಹಾಗೆ ತಿಂಗಳುಗಟ್ಟಲೆ ಹಿಡಿಯೋ ಕೆಲಸ. ಆ ಮರ ಯೂರೋಪಿನಲ್ಲಿ ಬೆಳೆಯುತ್ತಿರಲಿಲ್ಲ, ಹಾಲನ್ನ ಹಡಗಿನಲ್ಲಿ ಅಷ್ಟು ದೂರ ಕೆಡದ ಹಾಗೆ ತರೋಕೂ ಆಗ್ತಿರಲಿಲ್ಲ. ಅಂದ್ರೆ ನಿಜವಾದ ಲ್ಯಾಕರ್ ಫ್ರಾನ್ಸಿನಲ್ಲಿ ಮಾಡೋ ದಾರಿಯೇ ಮುಚ್ಚಿಹೋಗಿತ್ತು.

ಅಲ್ಲೇ ಮಾರ್ಟಿನ್ ಅಣ್ಣತಮ್ಮಂದಿರು ಬರ್ತಾರೆ. ನಾಲ್ಕು ಜನ, ಗಿಯೋಮ್, ಎತಿಯೆನ್-ಸಿಮೋಂ, ಜುಲಿಯೆನ್, ರೊಬೇರ್. ಮೂಲತಃ ಬಣ್ಣ ಹಚ್ಚೋರು. ಕೋಪಾಲ್ ಅನ್ನೋ ಅಂಟನ್ನ ಕಾಯಿಸಿ ಎಣ್ಣೆ ಸೇರಿಸಿ ವಾರ್ನಿಷ್ ಮಾಡಿ, ಪದರ ಪದರ ಹಚ್ಚಿ ಉಜ್ಜಿ, ಕನ್ನಡಿ ಥರ ಹೊಳಪು ತಂದ್ರು. 1730ರಲ್ಲಿ ರಾಜನಿಂದ ಸನ್ನದು ಸಿಕ್ಕಿತು. ಇವರ ದೊಡ್ಡಸ್ತಿಕೆ ಏನಂದ್ರೆ ಕಪ್ಪು, ಕೆಂಪಿಗೆ ನಿಲ್ಲಲಿಲ್ಲ, ಪೂರ್ವದ ಲ್ಯಾಕರ್‌ನಲ್ಲಿ ಕಾಣದ ಎಳೆ ಬಣ್ಣಗಳಿಗೆ ಕೈ ಹಾಕಿದ್ರು. 1742ರಲ್ಲಿ 15ನೇ ಲೂಯಿ ಶ್ವಾಸಿ ಅರಮನೆಯಲ್ಲಿ ತನ್ನ ಪ್ರೇಯಸಿ ಮದಾಮ್ ದ ಮಯ್ಯಿಯ ಕೋಣೆಗೆ ಮಾಡಿಸಿದ ಬೀರು ಇದೆ, ಮರಗೆಲಸ ಮತ್ಯೂ ಕ್ರಿಯಾರ್ದ್ ಅವರದ್ದು, ಇದೂ ಲೂವ್ರ್‌ನಲ್ಲೇ. ಬಿಳಿ ಮೈ, ಅದರ ಮೇಲೆ ನೀಲಿ ಹಕ್ಕಿ, ನೀಲಿ ಗಿಡ. ಕಂಚಿಗೆ ಚಿನ್ನದ ಬದಲು ಬೆಳ್ಳಿಯ ಲೇಪ ಕೊಟ್ಟಿದ್ದಾರೆ. ನೀಲಿ ಬಿಳಿ ಪಿಂಗಾಣಿ ನೋಡಿ ಹುಟ್ಟಿದ ಆಸೆಯನ್ನ ಒಬ್ಬ ಬಡಗಿ ಮರದಲ್ಲಿ ತೀರಿಸಿದ ರೀತಿ ಇದು, ಚೀನಾದಲ್ಲಿ ಇಂಥದ್ದೊಂದು ಬೀರು ಯಾವತ್ತೂ ಇರಲಿಲ್ಲ. ಇದನ್ನ ನಕಲು ಅನ್ನೋರ ಜೊತೆ ನನಗೆ ಒಪ್ಪಿಗೆ ಇಲ್ಲ, ಇಡೀ 18ನೇ ಶತಮಾನದಲ್ಲಿ ನನಗೆ ಅತಿ ಪ್ರೀತಿಯ ವಸ್ತು ಒಂದನ್ನ ಹೇಳು ಅಂದ್ರೆ ಇದನ್ನೇ ಹೇಳ್ತೀನಿ.

ಪಿಂಗಾಣಿಯ ಗುಟ್ಟು ಇನ್ನೂ ಸತಾಯಿಸಿತು. ದಾಂತ್ರ್‌ಕೊಲ್ ಅನ್ನೋ ಫ್ರೆಂಚ್ ಪಾದ್ರಿ ಚೀನಾದ ಜಿಂಗ್‌ಡೆಝೆನ್ ಊರಿನ ಕುಲುಮೆಗಳನ್ನ ನೋಡಿ, ಕ್ರೈಸ್ತರಾಗಿದ್ದ ಕುಂಬಾರರನ್ನ ವಿಚಾರಿಸಿ, 1712ರಲ್ಲಿ, ಆಮೇಲೆ 1722ರಲ್ಲಿ ಉದ್ದುದ್ದ ಪತ್ರ ಬರೆದ. ಎರಡು ಬಗೆಯ ಮಣ್ಣು ಬೇಕು, ಒಂದು ಕರಗೋದು ಇನ್ನೊಂದು ನಿಲ್ಲೋದು ಅನ್ನೋ ತತ್ವ ಅದರಲ್ಲಿತ್ತು. ಆದ್ರೆ ಫ್ರಾನ್ಸಿನಲ್ಲಿ ಆ ಮಣ್ಣು, ಕಯೋಲಿನ್, ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿವರೆಗೂ ಸ್ಯಾಂ ಕ್ಲೂ, ಶಾಂತಿಯೀ, ವ್ಯಾಂಸೆನ್ ಕಾರ್ಖಾನೆಗಳಲ್ಲಿ ಗಾಜಿನ ಪುಡಿ ಬೆರೆಸಿದ ಮಣ್ಣಿನಿಂದ ಮೆತ್ತನೆಯ ಪಿಂಗಾಣಿ ಮಾಡ್ತಿದ್ರು, ಕುಲುಮೆಯಲ್ಲಿ ಸೊಟ್ಟಗಾಗಿ ಹಾಳಾಗೋದೇ ಜಾಸ್ತಿ. ವ್ಯಾಂಸೆನ್ ಕಾರ್ಖಾನೆಯೇ 1756ರಲ್ಲಿ ಪ್ಯಾರಿಸ್ ಹತ್ತಿರದ ಸೇವ್ರ್‌ಗೆ ಹೋಯ್ತು. ಕೊನೆಗೆ 1768ರಲ್ಲಿ ಲಿಮೋಜ್ ಹತ್ತಿರದ ಸ್ಯಾಂತಿರಿಯೇ ಅನ್ನೋ ಊರಲ್ಲಿ ಬಿಳಿ ಮಣ್ಣು ಸಿಕ್ತು. ಅಲ್ಲಿನ ವೈದ್ಯ ದಾರ್ನೆಯ ಹೆಂಡತಿ ಬಟ್ಟೆ ಬೆಳ್ಳಗಾಗೋಕೆ ಆ ಮಣ್ಣು ಉಪಯೋಗಿಸ್ತಿದ್ದಳು ಅಂತ ಕಥೆ. ಕಾಲಡಿಯಲ್ಲೇ ಇದ್ದದ್ದನ್ನ ಗುರುತಿಸೋಕೆ ಚೀನಾದಿಂದ ಬಂದ ಪತ್ರ ಬೇಕಾಯ್ತು, ಐವತ್ತು ವರ್ಷ ಬೇಕಾಯ್ತು.

ಚಿತ್ರಕಾರರ ವಿಷಯ ಬಂದ್ರೆ ಬೂಶೆ ಹೆಸರು ಮೊದಲು. ಫ್ರಾನ್ಸ್ವಾ ಬೂಶೆ 1742ರ ಪ್ರದರ್ಶನದಲ್ಲಿ ಚೀನಾದ ದೃಶ್ಯಗಳ ಎಂಟು ಕರಡು ಚಿತ್ರ ಇಟ್ಟಿದ್ದ, ಬೋವೆ ಊರಿನ ಮಗ್ಗಗಳಲ್ಲಿ ಗೋಡೆ ಪರದೆ ನೇಯೋಕೆ ಅಂತ ಬರೆದವು. ಮೀನು ಹಿಡಿಯೋದು, ಸಂತೆ, ತೋಟ, ಚಕ್ರವರ್ತಿಯ ಒಡ್ಡೋಲಗ. ಈಗ ಬೆಸಾನ್ಸೋಂ ಮ್ಯೂಸಿಯಂನಲ್ಲಿವೆ. ಛತ್ರಿ, ಚೂಪು ಟೋಪಿ, ಬಿದಿರು ಗುಡಿಸಲು ಎಲ್ಲಾ ಪುಸ್ತಕದ ಚಿತ್ರ ನೋಡಿ ಬರೆದದ್ದು, ಆದ್ರೆ ಹೆಂಗಸರ ಮುಖ ಪ್ಯಾರಿಸ್ಸಿನದು, ಕೆನ್ನೆ ಮೇಲೆ ಅದೇ ಬೂಶೆಯ ಗುಲಾಬಿ. ಚೀನಾದ ಜನ ಹೇಗೆ ಬದುಕ್ತಾರೆ ಅನ್ನೋ ಪ್ರಶ್ನೆ ಇಲ್ಲಿಲ್ಲ. ಕಷ್ಟ ಇಲ್ಲದ, ತೆರಿಗೆ ಇಲ್ಲದ, ಯಾವಾಗಲೂ ಸಂಜೆ ಗಾಳಿ ಬೀಸೋ ಒಂದು ನಾಡು ಎಲ್ಲೋ ಇರಲಿ ಅನ್ನೋ ಹಂಬಲ ಮಾತ್ರ ಇದೆ. ಆ ಹಂಬಲ ನನಗೆ ಅರ್ಥ ಆಗುತ್ತೆ, ಆದ್ರೆ ನಿಜವಾದ ಚೀನಾದ ರೈತ ಆ ಚಿತ್ರದಲ್ಲಿ ತನ್ನನ್ನ ಗುರುತಿಸೋಕೆ ಸಾಧ್ಯ ಇರಲಿಲ್ಲ ಅನ್ನೋದನ್ನೂ ಹೇಳ್ಲೇಬೇಕು. (ಇದೇ ಕಾಲದ ಕ್ರಿಸ್ತೋಫ್ ಹ್ಯುಏ ಶಾಂತಿಯೀ ಅರಮನೆಯಲ್ಲಿ, ಶಾಂ ಅರಮನೆಯಲ್ಲಿ ಗೋಡೆ ತುಂಬಾ ಚೀನಾದವರನ್ನ, ಬಟ್ಟೆ ತೊಟ್ಟ ಕೋತಿಗಳನ್ನ ಬಿಡಿಸಿದ್ದಾನೆ. ಕೈಚಳಕ ಅದ್ಭುತ. ಆದ್ರೆ ಒಂದು ದೇಶದ ಜನರನ್ನೂ ಕೋತಿಗಳನ್ನೂ ಒಂದೇ ಗೋಡೆಯಲ್ಲಿ ಮನರಂಜನೆಗೆ ಅಂತ ಸೇರಿಸಿದ್ದು ನೋಡುವಾಗ ನನಗೆ ಕಸಿವಿಸಿ ಆಗುತ್ತೆ.)

ಬೂಶೆಯ ಪರದೆಗಳಿಗೆ ಒಂದು ವಿಚಿತ್ರ ಯೋಗ ಇತ್ತು. ಚೀನಾದಿಂದ ಬಂದು ಫ್ರಾನ್ಸಿನಲ್ಲಿ ಓದಿದ ಇಬ್ಬರು ಯುವ ಪಾದ್ರಿಗಳು, ಕೋ ಮತ್ತು ಯಾಂಗ್ ಅಂತ, 1765ರಲ್ಲಿ ಊರಿಗೆ ವಾಪಸ್ ಹೊರಟಾಗ ಮಂತ್ರಿ ಬೆರ್ತಾಂ ಅವರ ಕೈಯಲ್ಲಿ ಉಡುಗೊರೆಗಳನ್ನ ಕಳಿಸಿಕೊಟ್ಟ, ಅದರಲ್ಲಿ ಬೋವೆಯ ಈ ಚೀನಾ ಪರದೆಗಳೂ ಇದ್ವು. ಚಿಯಾನ್‌ಲಾಂಗ್ ಚಕ್ರವರ್ತಿಗೆ ಅವು ತಲುಪಿದ್ವು. ಅಂದ್ರೆ ಪ್ಯಾರಿಸ್ಸಿನ ಚಿತ್ರಕಾರ ಕಲ್ಪನೆ ಮಾಡ್ಕೊಂಡ ಚೀನಾವನ್ನ ಚೀನಾದ ಚಕ್ರವರ್ತಿಯೇ ತನ್ನ ಯುವಾನ್‌ಮಿಂಗ್‌ಯುವಾನ್ ಅರಮನೆ ತೋಟದಲ್ಲಿ ಇಟ್ಕೊಂಡಿದ್ದ.

ಆ ಚಕ್ರವರ್ತಿಗೂ ಇದೇ ಹುಚ್ಚು, ದಿಕ್ಕು ಮಾತ್ರ ತಿರುಗುಮುರುಗು. 1747ರ ಹೊತ್ತಿಗೆ ಯುವಾನ್‌ಮಿಂಗ್‌ಯುವಾನ್‌ನ ಒಂದು ಬದಿಯಲ್ಲಿ ಯೂರೋಪ್ ಮಾದರಿಯ ಕಲ್ಲಿನ ಅರಮನೆಗಳನ್ನ ಕಟ್ಟಿಸೋಕೆ ಶುರು ಮಾಡಿದ್ದ. ನಕ್ಷೆ ಇಟಲಿಯ ಕಾಸ್ತಿಲ್ಯೋನೆ ಪಾದ್ರಿಯದು, ಕಾರಂಜಿಗಳು ಫ್ರಾನ್ಸಿನ ಮಿಷೆಲ್ ಬೆನ್ವಾ ಪಾದ್ರಿಯದು. ಹನ್ನೆರಡು ರಾಶಿ ಪ್ರಾಣಿಗಳ ಕಂಚಿನ ತಲೆಗಳು ಸರದಿ ಮೇಲೆ ನೀರು ಉಗುಳಿ ಹೊತ್ತು ತಿಳಿಸೋ ಕಾರಂಜಿ ಗಡಿಯಾರ ಕೂಡ ಅಲ್ಲಿತ್ತು. ವರ್ಸೇಲ್ಸ್ ನೋಡದ ಚಕ್ರವರ್ತಿ ತನ್ನ ತೋಟದಲ್ಲಿ ಒಂದು ವರ್ಸೇಲ್ಸ್ ಮಾಡ್ಕೊಂಡ, ಬೀಜಿಂಗ್ ನೋಡದ ಫ್ರೆಂಚರು ತಮ್ಮ ತೋಟದಲ್ಲಿ ಒಂದೊಂದು ಬೀಜಿಂಗ್ ಮಾಡ್ಕೊಂಡ್ರು. ಈ ಎರಡೂ ಒಂದೇ ಕಾಲದಲ್ಲಿ ನಡೆದದ್ದು, ಅದಕ್ಕೇ ಒಂದನ್ನ ಬಿಟ್ಟು ಇನ್ನೊಂದರ ಕಥೆ ಹೇಳೋದು ನನ್ನ ಪ್ರಕಾರ ಅರ್ಧ ಕಥೆ.

ತೋಟದ ವಿಷಯದಲ್ಲಿ ಫ್ರೆಂಚರ ಕಣ್ಣು ತೆರೆಸಿದ್ದೂ ಇದೇ ಯುವಾನ್‌ಮಿಂಗ್‌ಯುವಾನ್. ಜಾಂ-ದನಿ ಅತ್ತಿರೇ ಅಂತ ಒಬ್ಬ ಫ್ರೆಂಚ್ ಪಾದ್ರಿ ಅಲ್ಲಿ ಆಸ್ಥಾನ ಚಿತ್ರಕಾರನಾಗಿದ್ದ. 1743ರಲ್ಲಿ ಅವನು ಊರಿಗೆ ಬರೆದ ಪತ್ರ 1749ರಲ್ಲಿ ಅಚ್ಚಾಯ್ತು. ಗುಡ್ಡ ಮಾಡಿ, ಕಣಿವೆ ಮಾಡಿ, ನೀರು ಹರಿಸಿ, ಕಾಲುದಾರಿಗಳನ್ನ ಬೇಕಂತಲೇ ಡೊಂಕು ಮಾಡಿ, ಒಂದು ಮಂಟಪದಿಂದ ಇನ್ನೊಂದು ಮಂಟಪ ಕಾಣದ ಹಾಗೆ ಇಟ್ಟಿದ್ದಾರೆ, ಇಲ್ಲಿ ಇರೋದು ಸುಂದರವಾದ ಅಸ್ತವ್ಯಸ್ತ ಅಂತ ಅವನು ಬರೆದ. ವರ್ಸೇಲ್ಸ್ ತೋಟ ನೋಡಿದವರಿಗೆ ಈ ಮಾತಿನ ತೂಕ ಗೊತ್ತಾಗುತ್ತೆ. ಅಲ್ಲಿ ಎಲ್ಲಾ ನೇರ ಗೆರೆ, ಎಡಕ್ಕೆ ಏನಿದೆಯೋ ಬಲಕ್ಕೂ ಅದೇ, ಅರಮನೆ ಕಿಟಕಿಯಲ್ಲಿ ನಿಂತ್ರೆ ದಿಗಂತದವರೆಗೂ ರಾಜನ ದೃಷ್ಟಿ. ಆ ಅಳತೆಪಟ್ಟಿಯಲ್ಲೇ ಬೆಳೆದ ಜನಕ್ಕೆ, ದಾರಿ ಡೊಂಕಾಗಿದ್ರೂ ನಡೆಯುತ್ತೆ, ಹಾಗೆ ಮಾಡೋಕೂ ದೊಡ್ಡ ವಿದ್ಯೆ ಬೇಕು ಅಂತ ಚಕ್ರವರ್ತಿಯ ತೋಟದ ಸಾಕ್ಷಿ ಸಿಕ್ತು. ಇಂಗ್ಲೆಂಡಿನಲ್ಲೂ ಆಗಲೇ ಅಂಥ ತೋಟಗಳಿದ್ವು, ಕ್ಯಾಂಟನ್‌ಗೆ ಹೋಗಿಬಂದಿದ್ದ ವಿಲಿಯಂ ಚೇಂಬರ್ಸ್ 1757ರಲ್ಲಿ ಚೀನಾ ಕಟ್ಟಡಗಳ ಪುಸ್ತಕ ಮಾಡಿದ, 1762ರಲ್ಲಿ ಲಂಡನ್ ಹತ್ತಿರ ಕ್ಯೂ ತೋಟದಲ್ಲಿ ಹತ್ತು ಅಂತಸ್ತಿನ ಪಗೋಡ, ಅಂದ್ರೆ ಚೀನಾ ಮಾದರಿಯ ಗೋಪುರ, ಎತ್ತಿದ. ಫ್ರೆಂಚರು ಎರಡನ್ನೂ ಸೇರಿಸಿ ಆಂಗ್ಲೋ-ಚೈನೀಸ್ ತೋಟ ಅಂದ್ರು. ಲ ರೂಜ್ ಅನ್ನೋ ನಕ್ಷೆಗಾರ 1770ರ ದಶಕದಿಂದ 1789ರವರೆಗೆ ಇಂಥ ತೋಟಗಳ ಚಿತ್ರಗಳನ್ನ ಕಂತು ಕಂತಾಗಿ ಒಟ್ಟು 21 ಸಂಚಿಕೆ ಅಚ್ಚು ಹಾಕಿದ.

ಅತ್ತಿರೇ ಅಷ್ಟು ಪ್ರೀತಿಯಿಂದ ಬಣ್ಣಿಸಿದ ಆ ತೋಟವನ್ನ 1860ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಸೇರಿ ಲೂಟಿ ಹೊಡೆದ್ರು, ಆಮೇಲೆ ಬ್ರಿಟಿಷರು ಲಾರ್ಡ್ ಎಲ್ಗಿನ್ ಅಪ್ಪಣೆ ಮೇಲೆ ಬೆಂಕಿ ಇಟ್ರು. ಫ್ರೆಂಚರ ಪಾಲಿನ ಲೂಟಿಯಿಂದ 1863ರಲ್ಲಿ ಫಾಂಟೆನ್‌ಬ್ಲೋ ಅರಮನೆಯಲ್ಲಿ ಮಹಾರಾಣಿ ಯೂಜಿನಿ ಚೀನಾ ಮ್ಯೂಸಿಯಂ ಮಾಡಿದಳು, ಈಗಲೂ ಇದೆ. ನೂರು ವರ್ಷ ಹಿಂದೆ ಒಂದು ಪತ್ರ ಓದಿ ತಮ್ಮ ತೋಟದ ದಾರಿಗಳನ್ನೇ ಬಗ್ಗಿಸಿಕೊಂಡ ದೇಶ ಅದೇ ತೋಟಕ್ಕೆ ಬಂದೂಕು ಹಿಡಿದು ಹೋಯ್ತು ಅನ್ನೋದನ್ನ ನೆನೆಸಿಕೊಂಡಾಗೆಲ್ಲಾ ನನಗೆ ಸಿಟ್ಟೇ ಬರುತ್ತೆ, ಅದನ್ನ ಮೆತ್ತಗೆ ಹೇಳೋಕೆ ಇಷ್ಟ ಇಲ್ಲ.

ಫ್ರಾನ್ಸಿನಲ್ಲಿ ಆ ಕಾಲದ್ದು ಉಳಿದಿರೋ ಚೀನಾ ಕಟ್ಟಡಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಶಾಂತಲೂ ಪಗೋಡ. ಲ್ವಾರ್ ನದಿ ತೀರದ ಆಂಬ್ವಾಸ್ ಊರಿಂದ ದಕ್ಷಿಣಕ್ಕೆ ಸ್ವಲ್ಪ ದೂರ, ಕಾಡಿನ ಅಂಚಿನಲ್ಲಿ. 44 ಮೀಟರ್ ಎತ್ತರ, 7 ಅಂತಸ್ತು, 149 ಮೆಟ್ಟಿಲು. ಇದನ್ನ ಕಟ್ಟಿಸಿದ್ದು ಡ್ಯೂಕ್ ಶ್ವಾಸೆಲ್, ಒಂದು ಕಾಲದಲ್ಲಿ ಫ್ರಾನ್ಸಿನ ಅತಿ ಪ್ರಬಲ ಮಂತ್ರಿ. 15ನೇ ಲೂಯಿಯ ಪ್ರೇಯಸಿ ಮದಾಮ್ ದ್ಯು ಬಾರಿ ಕಡೆಯವರ ವಿರೋಧ ಕಟ್ಟಿಕೊಂಡು 1770ರ ಡಿಸೆಂಬರ್‌ನಲ್ಲಿ ಪದವಿ ಕಳ್ಕೊಂಡ, ಪ್ಯಾರಿಸ್ ಬಿಟ್ಟು ನಿನ್ನ ಶಾಂತಲೂ ಎಸ್ಟೇಟಿಗೆ ಹೋಗು ಅಂತ ರಾಜಾಜ್ಞೆ ಆಯ್ತು. ರಾಜನ ಕೋಪಕ್ಕೆ ಗುರಿಯಾದವನ ಮನೆ ಕಡೆ ಯಾರೂ ತಲೆ ಹಾಕಬಾರದು ತಾನೇ? ಇಲ್ಲಿ ಆಗಿದ್ದೇ ಬೇರೆ. ಪ್ಯಾರಿಸ್ಸಿನಿಂದ, ವರ್ಸೇಲ್ಸ್‌ನಿಂದ ಸಾಲು ಸಾಲು ಗಾಡಿಗಳು ಶಾಂತಲೂಗೆ ಬರೋಕೆ ಶುರುವಾಯ್ತು, ಅವನನ್ನ ನೋಡೋಕೆ ಹೋಗೋದೇ ಒಂದು ರೀತಿ ರಾಜನಿಗೆ ಕೊಡೋ ಉತ್ತರ ಆಯ್ತು. 1774ರಲ್ಲಿ ಆ ರಾಜ ಸತ್ತ ಮೇಲೆ ಶ್ವಾಸೆಲ್‌ಗೆ ಬಿಡುಗಡೆ ಸಿಕ್ತು. ಕಷ್ಟಕಾಲದಲ್ಲಿ ಬಂದವರ ಋಣ ತೀರಿಸೋಕೆ ಅಂತ 1775ರಿಂದ 1778ರವರೆಗೆ ಲ ಕಾಮ್ಯು ಅನ್ನೋ ವಾಸ್ತುಶಿಲ್ಪಿ ಕೈಲಿ ಈ ಪಗೋಡ ಕಟ್ಟಿಸಿದ. ಒಳಗೆ ಅಮೃತಶಿಲೆ ಫಲಕಗಳ ಮೇಲೆ ಬಂದವರ ಹೆಸರು ಕೆತ್ತಿಸಿದ, ದೇಶಭ್ರಷ್ಟನಾಗಿದ್ದಾಗ ತನಗೆ ಸಿಕ್ಕ ಸ್ನೇಹ, ಒಳ್ಳೆತನ, ಕಾಳಜಿಗೆ ಕೃತಜ್ಞತೆಯಿಂದ ಇದನ್ನ ಎತ್ತಿಸಿದ್ದೇನೆ ಅನ್ನೋ ಅರ್ಥದ ಬರಹ ಹಾಕಿಸಿದ.

ಹತ್ತಿರ ಹೋಗಿ ನೋಡಿದ್ರೆ ಇದು ಚೀನಾದ್ದು ಅನ್ನೋದಕ್ಕಿಂತ ಫ್ರಾನ್ಸಿನದ್ದೇ ಅನ್ನಿಸುತ್ತೆ. ಕೆಳಗೆ ವೃತ್ತಾಕಾರವಾಗಿ 16 ಕಂಬಗಳು, ಗ್ರೀಕ್ ರೋಮನ್ ದೇವಸ್ಥಾನದ ಲೆಕ್ಕದಲ್ಲೇ. ಅದರ ಮೇಲೆ ಒಂದರ ಮೇಲೊಂದು ಚಿಕ್ಕದಾಗ್ತಾ ಹೋಗೋ ಅಂತಸ್ತುಗಳು, ಪ್ರತಿ ಅಂತಸ್ತಿಗೂ ಕಲ್ಲಿನ ಗುಮ್ಮಟದ ಚಾವಣಿ. ಚೀನಾದಲ್ಲಿ ಪಗೋಡದ ಅಂತಸ್ತು ಸಾಮಾನ್ಯವಾಗಿ ಬೆಸ ಸಂಖ್ಯೆ, ಇಲ್ಲಿ ಏಳು ಇರೋದು ಆ ಕ್ರಮಕ್ಕೆ ಹೊಂದುತ್ತೆ, ಕ್ಯೂದಲ್ಲಿ ಹತ್ತು ಇರೋದು ಹೊಂದಲ್ಲ. ಮೇಲೆ ಹತ್ತುತ್ತಾ ಹತ್ತುತ್ತಾ ಮೆಟ್ಟಿಲು ಕಿರಿದಾಗುತ್ತೆ, ಮೇಲ್ಗಡೆ ಒಬ್ಬರು ಇಳಿಯೋವರೆಗೂ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಹೊರಗೆ ಬಂದು ನಿಂತ್ರೆ ಕೆಳಗೆ ಅರ್ಧಚಂದ್ರಾಕಾರದ ಕೆರೆ, ಅದರಾಚೆ ಕಾಡು ಸೀಳಿಕೊಂಡು ಹೋದ ನೇರ ದಾರಿಗಳು, ಒಂದು ಕಡೆ ಲ್ವಾರ್ ಕಣಿವೆ. ಡೊಂಕು ದಾರಿಯ ಚೀನಾದ ಗೋಪುರವನ್ನ ತಂದು ನೇರ ದಾರಿಗಳೆಲ್ಲಾ ಸೇರೋ ಜಾಗದಲ್ಲಿ ನಿಲ್ಲಿಸಿದ್ದಾರೆ. ಮತ್ತೆ ಅರಮನೆ ಎಲ್ಲಿ ಅಂತ ಕಣ್ಣು ಹುಡುಕುತ್ತೆ. ಅರಮನೆ ಇಲ್ಲ. 1789ರ ಫ್ರೆಂಚ್ ಕ್ರಾಂತಿಯ ನಂತರ ಕೈ ಬದಲಾಯಿಸುತ್ತಾ ಹೋಗಿ ಒಂದು ಕಾಲಕ್ಕೆ ರಸಾಯನಶಾಸ್ತ್ರಜ್ಞ ಶಾಪ್ತಾಲ್ ಇದನ್ನ ಕೊಂಡು ಇಲ್ಲಿ ಬೀಟ್‌ರೂಟ್ ಸಕ್ಕರೆ ಕೂಡ ತೆಗೆದ, ಕೊನೆಗೆ 1823ರಲ್ಲಿ ಹಳೆ ಕಟ್ಟಡ ಕೊಂಡು ಒಡೆದು ಕಲ್ಲು ಮಾರೋ ವ್ಯಾಪಾರಿಗಳು ಇಡೀ ಅರಮನೆ ಕೆಡವಿ ಮಾರಿದ್ರು. ಪಗೋಡ ಮಾತ್ರ ಉಳೀತು. ಇವತ್ತು ಶ್ವಾಸೆಲ್ ಎಲ್ಲಿ ಊಟ ಮಾಡ್ತಿದ್ದ, ಎಲ್ಲಿ ಮಲಗ್ತಿದ್ದ ಅನ್ನೋದಕ್ಕೆ ಗೋಡೆ ಇಲ್ಲ, ಅವನು ಸ್ನೇಹಿತರಿಗೆ ಹೇಳಿದ ಥ್ಯಾಂಕ್ಸ್ ಮಾತ್ರ ಕಲ್ಲಾಗಿ ನಿಂತಿದೆ.

ಅವನ ಹೆಂಡತಿ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲ್ಲ. ಲೂಯಿಸ್-ಒನೊರೀನ್ ಕ್ರೋಜಾ, ದೊಡ್ಡ ಶ್ರೀಮಂತರ ಮಗಳು, ಶಾಂತಲೂ ವೈಭವಕ್ಕೆ ಹರಿದ ದುಡ್ಡಿನಲ್ಲಿ ಬಹಳಷ್ಟು ಅವಳದ್ದೇ. 1785ರಲ್ಲಿ ಶ್ವಾಸೆಲ್ ತೀರಿಹೋದಾಗ ಉಳಿದದ್ದು ಬೆಟ್ಟದಷ್ಟು ಸಾಲ. ಆಕೆ ಒಂದು ಕಾನ್ವೆಂಟಿಗೆ ಹೋಗಿ ಸರಳವಾಗಿ ಇದ್ದು, ಉಳಿಸಿದ ದುಡ್ಡಲ್ಲಿ ಗಂಡನ ಸಾಲ ತೀರಿಸೋ ದಾರಿ ಹಿಡಿದಳು. ಪಗೋಡ ಹತ್ತೋರಿಗೆ ಸ್ನೇಹಿತರ ಋಣದ ಕಥೆ ಗೊತ್ತಾಗುತ್ತೆ, ಈ ಋಣದ ಕಥೆಯೂ ಗೊತ್ತಾಗಬೇಕು ಅನ್ನೋದು ನನ್ನಾಸೆ.

ಕಲ್ಲಿನಲ್ಲಿ ಕಟ್ಟಿದ್ದರಿಂದ ಶಾಂತಲೂ ಉಳೀತು. ಮರದಲ್ಲಿ ಕಟ್ಟಿದವು ಹೆಚ್ಚುಕಮ್ಮಿ ಎಲ್ಲಾ ಹೋದ್ವು. ಪ್ಯಾರಿಸ್ಸಿನ ಪಶ್ಚಿಮಕ್ಕೆ ರಾಸೀನ್ ದ ಮೊಂವಿಲ್ 1774ರಿಂದ ಬೆಳೆಸಿದ ದೆಜೇರ್ ದ ರೇ ತೋಟದಲ್ಲಿ ತೇಗದ ಮರದ ಚೀನಾ ಮನೆ ಇತ್ತು, ಬರೀ ನೋಟಕ್ಕಲ್ಲ, ಆತ ಅದರಲ್ಲಿ ವಾಸವೂ ಮಾಡಿದ್ದ. 1786ರಲ್ಲಿ ಥಾಮಸ್ ಜೆಫರ್‌ಸನ್ ಬಂದು ಆ ತೋಟ ನೋಡಿ ಹೋದ. ಆ ಮನೆ ಶಿಥಿಲವಾಗ್ತಾ ಆಗ್ತಾ 20ನೇ ಶತಮಾನದಲ್ಲಿ ಪೂರ್ತಿ ಕುಸಿದು ಹೋಯ್ತು. ಆದ್ರೆ ಲೀಲ್-ಆದಾಂ ಊರಿನ ಕಾಸಾಂ ಮಂಟಪ ಇನ್ನೂ ಇದೆ, ನೀರಿನ ಮೇಲೆ ಕಲ್ಲಿನ ಅಡಿಪಾಯ, ಅದರ ಮೇಲೆ ಕೆಂಪು ಹಸಿರು ಬಣ್ಣದ ಮರದ ಮಂಟಪ, ಸೂರಿನ ತುದಿಗೆ ಗಂಟೆ. 1970ರ ದಶಕದಲ್ಲಿ ರಿಪೇರಿ ಮಾಡಿಸಿದ್ದರಿಂದ ಉಳೀತು. ಪ್ಯಾರಿಸ್ ಕಡೆ ಹೋಗೋರು ಅರ್ಧ ದಿನ ಬಿಡುವು ಮಾಡ್ಕೊಂಡು ನೋಡಬೇಕು.

ಹೋದವುಗಳಲ್ಲಿ ನಾನು ತುಂಬಾ ಯೋಚನೆ ಮಾಡೋದು ವರ್ಸೇಲ್ಸ್‌ನ ಚಿಕ್ಕ ಟ್ರಿಯಾನನ್ ಅರಮನೆ ಪಕ್ಕ 1776ರಲ್ಲಿ ರಾಣಿ ಮರಿ ಆಂತ್ವಾನೆತ್‌ಗೆ ಅಂತ ಮಾಡಿದ ಚೀನಾ ತಿರುಗುಣಿ ಬಗ್ಗೆ. ಮಧ್ಯೆ ದೊಡ್ಡ ಚೀನಾ ಛತ್ರಿ, ಸುತ್ತ ಕೂರೋಕೆ ಮರದ ನವಿಲುಗಳು, ಡ್ರ್ಯಾಗನ್‌ಗಳು, ಹೆಂಗಸರು ನವಿಲಿನ ಮೇಲೆ ಗಂಡಸರು ಡ್ರ್ಯಾಗನ್ ಮೇಲೆ. ತಿರುಗ್ತಾ ತಿರುಗ್ತಾ ನೇತುಹಾಕಿದ ಉಂಗುರವನ್ನ ಕೋಲಲ್ಲಿ ಹಿಡಿಯೋ ಆಟ. ಅದು ತಿರುಗ್ತಿದ್ದದ್ದು ನೆಲದಡಿ ಹಳ್ಳದಲ್ಲಿ ನಿಂತ ಆಳುಗಳು ತಳ್ಳುತ್ತಿದ್ದರಿಂದ. ಮೇಲೆ ರೇಷ್ಮೆ, ನಗು, ತಂಗಾಳಿ, ಕೆಳಗೆ ಕತ್ತಲಲ್ಲಿ ಸುತ್ತೋ ಬೆವರಿನ ಮನುಷ್ಯರು. ಬೂಶೆ ಬರೆದ ಕಷ್ಟವಿಲ್ಲದ ಚೀನಾ ನಡೀತಿದ್ದದ್ದೇ ಹೀಗೆ. ಕ್ರಾಂತಿ ಬಂದ ಮೇಲೆ ಅದು ಉಳೀಲಿಲ್ಲ.

ಕ್ರಾಂತಿಗೆ ಒಂದು ವರ್ಷ ಮುಂಚೆ ಇದೇ ವರ್ಸೇಲ್ಸ್‌ಗೆ ನಮ್ಮ ಕಡೆಯವರು ಹೋಗಿದ್ರು. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು, ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್, 1788ರ ಜೂನ್‌ನಲ್ಲಿ ತುಲೋನ್ ಬಂದರಲ್ಲಿ ಇಳಿದ್ರು, ಆಗಸ್ಟ್ 10ಕ್ಕೆ 16ನೇ ಲೂಯಿ ದರ್ಬಾರಿನಲ್ಲಿ ಬರಮಾಡಿಕೊಂಡ. ಬ್ರಿಟಿಷರ ವಿರುದ್ಧ ಸೈನ್ಯದ ನೆರವು ಬೇಕು ಅನ್ನೋದು ಮುಖ್ಯ ಕೋರಿಕೆ, ಅದರ ಜೊತೆಗೇ ಟಿಪ್ಪು ಕೇಳಿದ್ದು ಕುಶಲಕರ್ಮಿಗಳನ್ನ, ಅದರಲ್ಲಿ ಪಿಂಗಾಣಿ ಮಾಡೋರೂ ಇದ್ರು. ಯೋಚನೆ ಮಾಡಿ, ಫ್ರಾನ್ಸಿಗೆ ತನ್ನದೇ ಬಿಳಿ ಮಣ್ಣು ಸಿಕ್ಕಿ ಬರೀ ಇಪ್ಪತ್ತು ವರ್ಷ ಆಗಿತ್ತು. ಚೀನಾದ ಪಿಂಗಾಣಿ ಕಂಡು 14ನೇ ಲೂಯಿ ಕಾಲದವರಿಗೆ ಹುಟ್ಟಿದ ಆಸೆ, ಈಗ ಸೇವ್ರ್ ಪಿಂಗಾಣಿ ಕಂಡು ಶ್ರೀರಂಗಪಟ್ಟಣದ ದೊರೆಗೆ ಹುಟ್ಟಿತ್ತು. ವಸ್ತು ಕೊಂಡು ತಂದ್ರೆ ಸಾಲದು, ಮಾಡೋ ಕೈಯೇ ನಮ್ಮೂರಲ್ಲಿ ಇರಬೇಕು ಅನ್ನೋ ಅದೇ ಹಟ. ಕೇಳಿದ ಸೈನ್ಯ ಸಿಗಲಿಲ್ಲ, ಸೇವ್ರ್ ಪಿಂಗಾಣಿ ಉಡುಗೊರೆಯಾಗಿ ಸಿಕ್ತು.

ಆಗ ಸೇವ್ರ್ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ಮಾಡ್ತಿದ್ದ ಅಸ್ಲಾಂ ಅನ್ನೋ ಕಲಾವಿದ ಒಂದು ಚಿತ್ರ ಬರೆದಿದ್ದಾನೆ. ಸ್ಯಾಂ ಕ್ಲೂ ತೋಟದಲ್ಲಿ ಉದ್ದ ಬಿಳಿ ಜಾಮಾ ತೊಟ್ಟ ಮೈಸೂರಿನ ರಾಯಭಾರಿಗಳು ನಡೆದು ಹೋಗ್ತಿದ್ದಾರೆ, ಅಕ್ಕಪಕ್ಕ ಫ್ರೆಂಚ್ ಜನ ನಿಂತು ನೋಡ್ತಿದ್ದಾರೆ. ನೂರು ವರ್ಷ ಪೂರ್ವದೇಶದವರನ್ನ ಪರದೆ ಮೇಲೆ, ಗೋಡೆ ಮೇಲೆ, ಪಿಂಗಾಣಿ ಕಪ್ಪಿನ ಮೇಲೆ ಕಲ್ಪಿಸಿಕೊಂಡೇ ಬರೆದಿದ್ದ ಊರಿನವರು ಇಲ್ಲಿ ಕಣ್ಣೆದುರು ಕಂಡ ಮನುಷ್ಯರನ್ನ ಬರೆದಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಗಳನ್ನ ನೋಡಿ ಬೆಳೆದ ಯಾರೇ ಆಗಲಿ ಈ ಚಿತ್ರವನ್ನ ಒಂದು ಸಲ ಹುಡುಕಿ ನೋಡಬೇಕು ಅಂತ ಕೇಳ್ಕೊಳ್ತೀನಿ, ಆ ಬಟ್ಟೆಯ ಮಡಿಕೆ, ಪೇಟದ ಸುತ್ತು ನಮಗೆ ಗುರುತು ಸಿಗುತ್ತೆ.